ತೊಲೆಯ ತಲೆ ನನ್ನದು, ಹೊಟ್ಟೆ ಎಂಜಿನಿಯರದು

ಪುಣೆಯಲ್ಲಿ ಆರ್ಕಿಟೆಕ್ಟ್ ಆಗಿ ಚಾಕಣ ಕಡೆಯ ಕಾರ್ಖಾನೆಗಳ ಕೆಲಸ ಹಿಡಿದರೆ ಸ್ಟೀಲ್ ತಪ್ಪಿದ್ದಲ್ಲ. ನಾನು ರೆವಿಟ್ ಎಂಬ ಸಾಫ್ಟ್‌ವೇರ್‌ನಲ್ಲಿ ಕಟ್ಟಡದ ಮಾಡೆಲ್ ಮಾಡುತ್ತೇನೆ. ನಮ್ಮ ಸ್ಟ್ರಕ್ಚರಲ್ ಎಂಜಿನಿಯರ್ ಹುಬ್ಬಳ್ಳಿಯವರು, ಕಟ್ಟಡ ಭಾರ ತಡೆಯುತ್ತದೆಯೇ ಎಂಬ ಅವರ ಲೆಕ್ಕವೆಲ್ಲ ಸ್ಟಾಡ್ ಎಂಬ ಸಾಫ್ಟ್‌ವೇರ್‌ನಲ್ಲಿ. ಸ್ಟೀಲ್ ಕತ್ತರಿಸಿ ಜೋಡಿಸುವ ಫ್ಯಾಬ್ರಿಕೇಟರ್ ಟೆಕ್ಲಾ ಎಂಬ ಇನ್ನೊಂದು ಸಾಫ್ಟ್‌ವೇರ್ ಬಳಸುತ್ತಾರೆ. ಕಟ್ಟಡ ಒಂದೇ, ಮಾಡೆಲ್ ಮೂರು.

ಕೆಲಸ ಶುರುವಾಗುವ ಮೊದಲೇ ಎಂಜಿನಿಯರ್ ಹೇಳಿಬಿಡುತ್ತಾರೆ: "ಸೆಕ್ಷನ್ ನಾ ನೋಡ್ಕೋತೀನ್ರಿ, ಲೆವಲ್ ಮಾತ್ರ ನೀವ ಹೇಳ್ರಿ." ಸೆಕ್ಷನ್ ಅಂದರೆ ಬೀಮ್‌ನ ಆಕಾರ, ಅಳತೆ; ಲೆವಲ್ ಅಂದರೆ ಅದು ಕೂರುವ ಎತ್ತರ. ನಮ್ಮಿಬ್ಬರ ಒಪ್ಪಂದ ಇಷ್ಟೇ.

ಸ್ಟಾಡ್‌ಗೆ ಬೀಮ್ (ತೊಲೆ) ಅಂದರೆ ಎರಡು ನೋಡ್‌ಗಳ, ಅಂದರೆ ಬಿಂದುಗಳ, ನಡುವಿನ ಗೆರೆ. ಆ ಗೆರೆ ಸೆಕ್ಷನ್‌ನ ನಟ್ಟನಡುವೆ ಹಾಯುತ್ತದೆ. ಸ್ಲ್ಯಾಬ್ ಕೂರುವುದು ಬೀಮ್‌ನ ಮೇಲಿನ ಫ್ಲ್ಯಾಂಜ್ (ಚಪ್ಪಟೆ ಪಟ್ಟಿ) ಮೇಲೆ, ಹಾಗಾಗಿ ನನಗೆ ಬೇಕಾದ್ದು ಬೀಮ್‌ನ ನೆತ್ತಿಯ ಲೆವಲ್. ಗೆರೆಯನ್ನೇ ನೆತ್ತಿ ಅಂದುಕೊಂಡರೆ ಐಎಸ್‌ಎಂಬಿ 300 (300 ಮಿ.ಮೀ. ಎತ್ತರದ, ಭಾರತೀಯ ಮಾನದಂಡದ ಐ ಆಕಾರದ) ಬೀಮ್ 150 ಮಿ.ಮೀ. ಮೇಲೇರಿ ಕೂರುತ್ತದೆ, 600ರದ್ದು 300 ಮಿ.ಮೀ. ಎಲ್ಲ ಬೀಮೂ ಒಂದೇ ಅಳತೆಯವಾದರೆ ಒಟ್ಟಿಗೇ ಏರುತ್ತವೆ, ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ಮೊದಲ ಹಾಳೆಯಲ್ಲಿ ಕಳೆಯುವ ಲೆಕ್ಕ ಬರೆದುಕೊಡುತ್ತೇನೆ: ಫಿನಿಶ್ 50, ಡೆಕ್ ಸ್ಲ್ಯಾಬ್ 150, ಅಂದರೆ ನೆಲದ ಲೆವಲ್‌ನಿಂದ 200 ಮಿ.ಮೀ. ಕೆಳಗೆ ಸ್ಟೀಲ್‌ನ ನೆತ್ತಿ. ರೆವಿಟ್‌ನಲ್ಲಿ ಬೀಮ್‌ನ ಝಡ್ ಜಸ್ಟಿಫಿಕೇಶನ್ (ಬೀಮ್‌ನ ಯಾವ ಭಾಗ ಲೆವಲ್‌ಗೆ ಸೇರಬೇಕು ಎಂಬ ಆಯ್ಕೆ) 'ಟಾಪ್' ಎಂದೇ ಇಡುತ್ತೇನೆ. ನಾಳೆ ಎಂಜಿನಿಯರ್ 300ರ ಬದಲು 400 ಹಾಕಿದರೂ ಬೀಮ್ ಕೆಳಕ್ಕೆ ಬೆಳೆಯುತ್ತದೆ. ಫಾಲ್ಸ್ ಸೀಲಿಂಗ್, ಡಕ್ಟ್‌ನವರು ಗೊಣಗುತ್ತಾರೆ, ನೆಲ ಅಲುಗುವುದಿಲ್ಲ.

ರೆವಿಟ್‌ನ ಲೈಬ್ರರಿಯಲ್ಲಿ ಸುಲಭವಾಗಿ ಸಿಗುವ ಅಮೆರಿಕದ ಡಬ್ಲ್ಯೂ ಸೆಕ್ಷನ್‌ಗಳನ್ನು 'ಸದ್ಯಕ್ಕೆ' ಅಂತಲೂ ಬಳಸುವುದಿಲ್ಲ. ಸದ್ಯದ್ದು ಕೊನೆಯವರೆಗೂ ಉಳಿದುಬಿಡುತ್ತದೆ. ಭಾರತೀಯ ಸ್ಟೀಲ್ ಸೆಕ್ಷನ್‌ಗಳ ಅಳತೆಯ ಮಾನದಂಡವಾದ ಐಎಸ್ 808 ನೋಡಿ ನಮ್ಮದೇ ಫ್ಯಾಮಿಲಿ (ರೆವಿಟ್‌ನ ಸಿದ್ಧ ಭಾಗಗಳು) ಮಾಡಿಕೊಂಡಿದ್ದೇವೆ. ಮೂರೂ ಮಾಡೆಲ್‌ಗಳಲ್ಲಿ ಸೆಕ್ಷನ್‌ನ ಹೆಸರೂ ಅಕ್ಷರಶಃ ಒಂದೇ ಇರಬೇಕು. ಐಎಸ್‌ಎಂಬಿ ಮತ್ತು 300ರ ನಡುವೆ ಒಬ್ಬರು ಜಾಗ ಬಿಟ್ಟು ಇನ್ನೊಬ್ಬರು ಬಿಡದಿದ್ದರೆ ಸಾಫ್ಟ್‌ವೇರ್‌ಗೆ ಅವು ಬೇರೆ ಬೇರೆ.

ಕಂಬಗಳ ಜಾಗ ಗುರುತಿಸುವ ಗ್ರಿಡ್ ಗೆರೆಗಳಲ್ಲಿ ಎ ಮತ್ತು 1 ಕೂಡುವ ಜಾಗವೇ ಎಲ್ಲರ ಮಾಡೆಲ್‌ಗೂ ಸೊನ್ನೆ, ಅಳತೆ ಶುರುವಾಗುವ ಬಿಂದು. ಇದರ ಬಗ್ಗೆ ಚರ್ಚೆಯೇ ಇಲ್ಲ.

ಟೆಕ್ಲಾದಿಂದ ಬರುವ ಐಎಫ್‌ಸಿ ಫೈಲನ್ನು (ಬೇರೆ ಬೇರೆ ಸಾಫ್ಟ್‌ವೇರ್‌ಗಳು ಓದಬಲ್ಲ ಮಾಡೆಲ್ ಫೈಲ್) ರೆವಿಟ್‌ಗೆ ಲಿಂಕ್ ಮಾಡುತ್ತೇನೆ, ತೆರೆದು ನನ್ನ ಬೀಮ್‌ಗಳನ್ನಾಗಿ ಬದಲಾಯಿಸುವ ಗೋಜಿಗೆ ಹೋಗುವುದಿಲ್ಲ. ಹಾಗೆ ಮಾಡಿದರೆ ಅವರ ಮುಂದಿನ ತಿದ್ದುಪಡಿ ನನ್ನಲ್ಲಿಗೆ ಬರುವುದೇ ಇಲ್ಲ. ಬೋಲ್ಟ್‌ಗಳನ್ನು ಬಿಟ್ಟು ಕಳಿಸಿ ಅನ್ನುತ್ತೇನೆ, ಫೈಲ್ ಹಗುರಾಗುತ್ತದೆ. ಓರೆ ಸ್ಟೀಲನ್ನು ಮೂಲೆಗೆ ಜೋಡಿಸುವ ಗಸೆಟ್ ಪ್ಲೇಟ್ ಮಾತ್ರ ಇರಲೇಬೇಕು. ಬ್ರೇಸಿಂಗ್ (ಆ ಓರೆ ಸ್ಟೀಲ್) ಇರುವ ಬೇಯಲ್ಲಿ, ಅಂದರೆ ಎರಡು ಕಂಬಗಳ ನಡುವಿನ ಅಂಕಣದಲ್ಲಿ, ರೋಲಿಂಗ್ ಶಟರ್‌ನ ಪೆಟ್ಟಿಗೆ ಹಾಯುವುದು ಸರಿಯಾಗಿ ಆ ಮೂಲೆಗೇ.