ಕನ್ನಡ ರಿವಿಜನ್‌ಗೆ ಐದು ಸಾಲಿನ ಒಂದು ಪ್ಯಾರಾ ಸಾಕು

ಮುಂಬಯಿಯಲ್ಲಿ ಭಾನುವಾರ ಕನ್ನಡ ಕಲಿಸುವವರಿಗೆ ವಾರಕ್ಕೆ ಸಿಗುವುದೇ ಒಂದು ಕ್ಲಾಸ್. ಅದರಲ್ಲೇ ಓದಿಸಬೇಕು, ಪದ ಕಲಿಸಬೇಕು, ವ್ಯಾಕರಣವನ್ನೂ ತಿದ್ದಬೇಕು. ರಿವಿಜನ್ ಬಂತು ಅಂದ್ರೆ ಮೂರಕ್ಕೂ ಬೇರೆ ಬೇರೆ ಹಾಳೆ ಹಂಚುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಸಣ್ಣ ಪ್ಯಾರಾ ತಗೊಳ್ಳಿ, ಮೂರನ್ನೂ ಅದರಿಂದಲೇ ಕೇಳಿ. ಅರ್ಥವಾದ ಪ್ಯಾರಾದಲ್ಲಿ ಮಕ್ಕಳು ವಿಭಕ್ತಿಯನ್ನು ತಾವೇ ಹುಡುಕುತ್ತಾರೆ. ಸಂಬಂಧವೇ ಇಲ್ಲದ ಬಿಡಿ ವಾಕ್ಯ ಕೊಟ್ಟರೆ ಬರೀ ಬಾಯಿಪಾಠ ಒಪ್ಪಿಸುತ್ತಾರೆ.

ಪ್ಯಾರಾ ಮಕ್ಕಳ ಮಟ್ಟಕ್ಕಿಂತ ಒಂದು ಮೆಟ್ಟಿಲು ಕೆಳಗೇ ಇರಲಿ. ರಿವಿಜನ್ ಇರುವುದು ಕಲಿತದ್ದು ಉಳಿದಿದೆಯಾ ಅಂತ ನೋಡಲಿಕ್ಕೆ, ಹೊಸ ಪಾಠ ಮಾಡಲಿಕ್ಕಲ್ಲ. ಪುಣೆಯ ಬಾಲಭಾರತಿ, ಅಂದ್ರೆ ಮಹಾರಾಷ್ಟ್ರ ರಾಜ್ಯದ ಪಠ್ಯಪುಸ್ತಕ ಮಂಡಳಿ, ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನೂ ಹೊರತರುತ್ತದೆ. ಅದರ ವೆಬ್‌ಸೈಟ್‌ನಲ್ಲಿ ಪಿಡಿಎಫ್ ಸಿಗುತ್ತದೆ, ಕೆಳಗಿನ ತರಗತಿಯ ಪುಸ್ತಕದಿಂದ ಐದಾರು ಸಾಲು ಆರಿಸಿಕೊಳ್ಳಬಹುದು. ನನಗೆ ಕೇಳಿದರೆ ನೀವೇ ಬರೆಯುವುದು ಇನ್ನೂ ಒಳ್ಳೆಯದು, ಯಾಕಂದ್ರೆ ಮಕ್ಕಳಿಗೆ ಗೊತ್ತಿರುವ ಜಾಗವನ್ನೇ ತರಬಹುದು. ನಾನು ಬಳಸುವ ಒಂದು ಪ್ಯಾರಾ ಇದು:

"ಮಾಟುಂಗದ ಹೂವಿನ ಅಂಗಡಿಯ ಮುಂದೆ ಅಜ್ಜಿ ನಿಂತರು. ಚೀಲದಲ್ಲಿದ್ದ ಚಿಲ್ಲರೆಯನ್ನು ಎರಡು ಸಲ ಎಣಿಸಿದರು. ಮಲ್ಲಿಗೆಯ ಬೆಲೆ ಕೇಳಿ, ಸೇವಂತಿಗೆ ಕೊಂಡರು. ಅಷ್ಟರಲ್ಲಿ ಬಸ್ ಬಂತು. ಅವಸರದಲ್ಲಿ ಹತ್ತುವಾಗ ಕೊಡೆ ಅಂಗಡಿಯಲ್ಲೇ ಉಳಿಯಿತು."

ಮೊದಲು ಮನಸ್ಸಿನಲ್ಲೇ ಓದಲಿ. ಆಮೇಲೆ ಒಬ್ಬೊಬ್ಬರು ಒಂದೊಂದು ಸಾಲು ಗಟ್ಟಿಯಾಗಿ ಓದಲಿ. ನಡುವೆ ತಿದ್ದಬೇಡಿ, ಎಲ್ಲಿ ತಡವರಿಸಿದರು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ. ಇಲ್ಲಿನ ಮಕ್ಕಳು ಎ-ಏ, ಒ-ಓ ಹತ್ತಿರ ಎಡವುವುದು ಸಾಮಾನ್ಯ. ಶಾಲೆಯಲ್ಲಿ ಬರೆಯುವ ಹಿಂದಿ, ಮರಾಠಿಯಲ್ಲಿ ಹ್ರಸ್ವಕ್ಕೆ ಬೇರೆ, ದೀರ್ಘಕ್ಕೆ ಬೇರೆ ಅಕ್ಷರ ಇಲ್ಲವಲ್ಲ, ಹಾಗಾಗಿ 'ಕೊಡೆ'ಯನ್ನು 'ಕೋಡೆ' ಅಂತ ಓದಿಬಿಡುತ್ತಾರೆ. ಬೆಳೆ-ಬೇಳೆ, ಕೊಡು-ಕೋಡು, ಕೆರೆ-ಕೇರೆ ಇಂಥ ಜೋಡಿಗಳನ್ನು ಬೋರ್ಡ್ ಮೇಲೆ ಬರೆದು ಎರಡು ನಿಮಿಷ ಓದಿಸಿ, ಮುಂದೆ ಹೋಗಿ.

ಈಗ ಪ್ರಶ್ನೆ. 'ಅಜ್ಜಿ ಯಾವ ಹೂ ಕೊಂಡರು?' ಅಂತ ಕೇಳಿದರೆ ಎಲ್ಲರೂ ಕೈ ಎತ್ತುತ್ತಾರೆ. ಅದು ಬೇಕು, ಧೈರ್ಯ ಬರುತ್ತದೆ. ಆದರೆ ಅರ್ಥವಾಗಿದೆಯಾ ಇಲ್ವಾ ಅಂತ ಗೊತ್ತಾಗುವುದು 'ಮಲ್ಲಿಗೆ ಯಾಕೆ ಕೊಳ್ಳಲಿಲ್ಲ?' ಅಂತ ಕೇಳಿದಾಗ. ಪ್ಯಾರಾದಲ್ಲಿ ಅದನ್ನು ಹೇಳಿಯೇ ಇಲ್ಲ. 'ಅಜ್ಜಿಗೆ ಮಲ್ಲಿಗೆ ಇಷ್ಟ ಇಲ್ಲ ಟೀಚರ್' ಅನ್ನುವ ಮಗುವಿಗೆ ತಪ್ಪು ಅನ್ನಬೇಡಿ. 'ಯಾವ ಸಾಲು ನೋಡಿ ಹಾಗೆ ಹೇಳ್ದೆ? ಬೆರಳಿಟ್ಟು ತೋರಿಸು' ಅನ್ನಿ. ತೋರಿಸಲಿಕ್ಕೆ ಸಾಲು ಸಿಗುವುದಿಲ್ಲ. ಹುಡುಕುತ್ತಾ ಹುಡುಕುತ್ತಾ ಚಿಲ್ಲರೆ ಎರಡು ಸಲ ಎಣಿಸಿದ್ದು, ಬೆಲೆ ಕೇಳಿದ್ದು ಕಣ್ಣಿಗೆ ಬೀಳುತ್ತದೆ, ಆಗ ಉತ್ತರ ತಾನಾಗೇ ಬರುತ್ತದೆ. ಈ ಬೆರಳಿಡುವ ಅಭ್ಯಾಸ ಒಂದನ್ನು ಮಾತ್ರ ಬಿಡಬೇಡಿ, ಸಮಯ ಎಷ್ಟೇ ಕಡಿಮೆ ಇರಲಿ.

ಪದಗಳಿಗೆ ಬಂದರೆ, ಅರ್ಥದ ಪಟ್ಟಿ ಬರೆಸುವುದರಿಂದ ಏನೂ ಉಳಿಯುವುದಿಲ್ಲ. ಪ್ಯಾರಾದಿಂದ ಮೂರೇ ಪದ ಆರಿಸಿ. ಕೊಡೆ ಅಂದ್ರೇನು ಅಂತ ಕೇಳಿದಾಗ ಮಗು 'ಛತ್ರಿ' ಅಂದರೆ ಸರಿಯೇ, ಒಪ್ಪಿಕೊಳ್ಳಿ, ಆಮೇಲೆ ಕೊಡೆ ಸೇರಿಸಿ ತನ್ನದೇ ಒಂದು ವಾಕ್ಯ ಹೇಳಲಿ. 'ಅವಸರ' ಮಾತ್ರ ಜೋಪಾನ. ಹಿಂದಿಯಲ್ಲಿ ಅದಕ್ಕೆ ಅವಕಾಶ ಅನ್ನೋ ಅರ್ಥ, ಹಿಂದಿಯ ಅವಕಾಶಕ್ಕೋ ರಜೆ ಅನ್ನೋ ಅರ್ಥ. ಮಕ್ಕಳು ಗಲಿಬಿಲಿ ಆಗುವುದು ಸಹಜ. ಅಜ್ಜಿ ಹೇಗೆ ಬಸ್ ಹತ್ತಿರಬಹುದು, ಎದ್ದು ಮಾಡಿ ತೋರಿಸು ಅನ್ನಿ. ಓಡಿಬಂದು ಹತ್ತಿ ತೋರಿಸಿದರೆ ಪದ ಗೊತ್ತಿದೆ ಅಂತ ಲೆಕ್ಕ.

ವ್ಯಾಕರಣಕ್ಕೆ ನನಗೆ ಬಹಳ ಇಷ್ಟವಾದ ಕೆಲಸ ಒಂದಿದೆ. ಅದೇ ಪ್ಯಾರಾದಲ್ಲಿ ಅಜ್ಜಿಯನ್ನು ತೆಗೆದು 'ಹುಡುಗ' ಅಂತ ಹಾಕಿ ಬರೆಯಲು ಹೇಳಿ. ನಿಂತನು, ಎಣಿಸಿದನು, ಕೊಂಡನು ಅಂತ ಬದಲಾಗಬೇಕು. 'ಬಂತು', 'ಉಳಿಯಿತು' ಹಾಗೇ ಇರಬೇಕು. ಮರಾಠಿಯಲ್ಲಿ ಬಸ್ಸು ಸ್ತ್ರೀಲಿಂಗ, ಅದೇ ರೂಢಿಯಲ್ಲಿ 'ಬಸ್ ಬಂದಳು' ಅಂತ ಬರೆಯುವ ಮಕ್ಕಳಿದ್ದಾರೆ. ಕನ್ನಡದಲ್ಲಿ ವಸ್ತುಗಳೆಲ್ಲ ನಪುಂಸಕಲಿಂಗ ಅಂತ ನಿಯಮ ಹೇಳಿದರೆ ಹೂಂ ಅಂತಾರೆ, ಮುಂದಿನ ವಾರ ಮರೀತಾರೆ. ಮನೆಯಲ್ಲಿ ತುಳು ಆಡುವ ಮಗುವಾದರೆ 'ಬಸ್ ಬಂತು ಅನ್ನೋದನ್ನ ಅಮ್ಮ ತುಳುವಿನಲ್ಲಿ ಹೇಗೆ ಹೇಳ್ತಾರೆ?' ಅಂತ ಕೇಳಿ. 'ಬತ್ತ್‌ಂಡ್' ಅನ್ನುತ್ತದೆ. ಅಜ್ಜಿಗೂ ಹಾಗೇ ಅಂತಾರಾ ಅಂತ ಕೇಳಿದರೆ ನಕ್ಕುಬಿಡುತ್ತದೆ, ವ್ಯತ್ಯಾಸ ಅದಕ್ಕೆ ಗೊತ್ತೇ ಇದೆ.

ಇನ್ನೊಂದು, ಕಾಲ ಬದಲಿಸುವುದು. ನಿಂತರು ಹೋಗಿ ನಿಲ್ಲುತ್ತಾರೆ ಆಗಬೇಕು, ಕೊಂಡರು ಹೋಗಿ ಕೊಳ್ಳುತ್ತಾರೆ. 'ನಿಂತುತ್ತಾರೆ' ಅಂತ ಬರೆದವರಿಗೆ ನಿಲ್ಲು, ಕೊಳ್ಳು ಅನ್ನುವ ಧಾತುಗಳನ್ನೇ ಮತ್ತೆ ತೋರಿಸಬೇಕು. ದೊಡ್ಡ ಮಕ್ಕಳಿದ್ದರೆ ಸಂಧಿಯೂ ಇಲ್ಲೇ ಇದೆ: ಚೀಲದಲ್ಲಿ + ಇದ್ದ ಲೋಪಸಂಧಿ, ಚಿಲ್ಲರೆ + ಅನ್ನು ಆಗಮಸಂಧಿ. ಚಿಕ್ಕವರಿಗೆ ಸಂಧಿಯ ಹೆಸರು ಬೇಡವೇ ಬೇಡ, ಬಿಡಿಸಿ ಹೇಳಿದರೆ ಸಾಕು.

ಬಿಎಂಸಿಯ (ಮುಂಬಯಿ ಮಹಾನಗರ ಪಾಲಿಕೆಯ) ಕನ್ನಡ ಶಾಲೆಯಲ್ಲೋ ಬೇರೆ ಕನ್ನಡ ಮಾಧ್ಯಮದಲ್ಲೋ ಓದುವ ಮಕ್ಕಳಾದರೆ ಇದಕ್ಕಿಂತ ಉದ್ದದ ಪ್ಯಾರಾ ಕೊಡಿ, ಉತ್ತರ ಪೂರ್ಣ ವಾಕ್ಯದಲ್ಲಿ ಬರೆಸಿ. ಭಾನುವಾರದ ಮಕ್ಕಳಿಗೆ ಬಾಯಲ್ಲಿ ಹೇಳುವುದೇ ಮುಖ್ಯ, ಬರವಣಿಗೆ ಎರಡು ಮೂರು ಸಾಲು ಇದ್ದರೆ ಸಾಕು.

ಅಂಕ ಹಾಕಬೇಡಿ ಅಂತ ನನ್ನ ಖಂಡಿತ ಅಭಿಪ್ರಾಯ. ಇಪ್ಪತ್ತಕ್ಕೆ ಹನ್ನೊಂದು ಅಂತ ಕಂಡರೆ ಅಪ್ಪ-ಅಮ್ಮಂದಿರು ಬೈಯುತ್ತಾರೆ, ಯಾವುದು ಬರುವುದಿಲ್ಲ ಅಂತ ಮಾತ್ರ ಯಾರಿಗೂ ತಿಳಿಯುವುದಿಲ್ಲ. ಅದರ ಬದಲು ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಮಗುವಿಗೂ ಒಂದು ಸಾಲು ಬರೆದಿಡಿ: 'ಓದು ಸರಿ, ಸಾಲು ತೋರಿಸಲು ಆಗಲಿಲ್ಲ', 'ಬಸ್ ಬಂದಳು'. ಮುಂದಿನ ವಾರದ ಪ್ಯಾರಾ ಬರೆಯುವಾಗ ಆ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಳ್ಳಿ. ಜಾಸ್ತಿ ಮಕ್ಕಳು ತಪ್ಪಿದ್ದು ಲಿಂಗದಲ್ಲಾದರೆ ಹೊಸ ಪ್ಯಾರಾದಲ್ಲಿ ರೈಲು, ಮಳೆ, ನಾಯಿ ಎಲ್ಲ ಬರುವಂತೆ ನೋಡಿಕೊಳ್ಳಿ.