ಅಡಿಕೆ ಸುಲಿತದ ಲೆಕ್ಕಕ್ಕೆ ವೆಬ್ ಆಪ್ ಸಾಕಾಯಿತಾ?

ತೀರ್ಥಹಳ್ಳಿ ಕಡೆ ಕೊಯ್ಲು ಶುರುವಾದರೆ ಅಡಿಕೆ ಸುಲಿಯುವವರ ಲೆಕ್ಕ ಇಡುವುದೇ ದೊಡ್ಡ ಕೆಲಸ. ಯಾರು ಎಷ್ಟು ಕೆಜಿ ಸುಲಿದರು, ಮುಂಗಡ ಎಷ್ಟು ಹೋಗಿದೆ, ಬಾಕಿ ಎಷ್ಟು. "ಇದನ್ನ ಮೊಬೈಲಲ್ಲಿ ಬರೆಯೋ ಹಾಗೆ ಮಾಡಿಕೊಡು ಮಾರಾಯ" ಅಂದರು ಭಾವ.

ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕಾದ ಮನೆ ಅದು. ಹಾಗಾಗಿ ಫೋನಿಗೆಂದೇ ಬರೆದು ಇನ್‌ಸ್ಟಾಲ್ ಮಾಡುವ ನೇಟಿವ್ ಆಪೇ ಆಗಬೇಕು ಅಂತ ಗೆಳೆಯರ ವಾದ. ನನಗೆ ಹಾಗನ್ನಿಸಲಿಲ್ಲ, ಬ್ರೌಸರಿನಲ್ಲಿ ತೆರೆಯುವ ವೆಬ್ ಆಪ್ ಸಾಕು ಅನ್ನಿಸಿತು. ಬ್ರೌಸರಿನ ಹಿನ್ನೆಲೆಯಲ್ಲಿ ಓಡುವ ಸರ್ವಿಸ್ ವರ್ಕರ್ ಎಂಬ ಸ್ಕ್ರಿಪ್ಟ್ ಇದ್ದರೆ ವೆಬ್ ಪುಟಗಳು ಫೋನಿನಲ್ಲೇ ಉಳಿಯುತ್ತವೆ, ಬರೆದ ತೂಕ ಬ್ರೌಸರಿನದೇ ಡೇಟಾಬೇಸ್ ಆದ ಇಂಡೆಕ್ಸ್ಡ್‌ಡಿಬಿಯಲ್ಲಿ ಕೂರುತ್ತದೆ. ಸಿಗ್ನಲ್ ಸಿಕ್ಕಾಗ ಆಂಡ್ರಾಯ್ಡ್‌ನ ಕ್ರೋಮ್ ತಾನೇ ಸರ್ವರಿಗೆ ಕಳಿಸುತ್ತದೆ. ಐಫೋನಿನ ಸಫಾರಿಯಲ್ಲಿ ಈ ಬ್ಯಾಕ್‌ಗ್ರೌಂಡ್ ಸಿಂಕ್ ಇಲ್ಲ, ಅಲ್ಲಿ ಆಪ್ ತೆರೆದಾಗಲೇ ಕಳಿಸಬೇಕು.

ವೆಬ್ ಆಪಿಗೆ ಹಂಚುವ ತಲೆಬಿಸಿಯೂ ಇರಲಿಲ್ಲ. ನೇಟಿವ್ ಆಪಾದರೆ, ವಾಟ್ಸಾಪಿನಲ್ಲಿ ಎಪಿಕೆ (ಆಂಡ್ರಾಯ್ಡ್ ಆಪಿನ ಫೈಲ್) ಕಳಿಸಿದರೆ ಗೂಗಲ್‌ನ ಸುರಕ್ಷತಾ ಕಾವಲುಗಾರ ಪ್ಲೇ ಪ್ರೊಟೆಕ್ಟ್ ಹೆದರಿಸುತ್ತದೆ, ಒಬ್ಬೊಬ್ಬರ ಫೋನಿನಲ್ಲಿ ಒಂದೊಂದು ವರ್ಷನ್ ಉಳಿಯುತ್ತದೆ. ಪ್ಲೇ ಸ್ಟೋರಿಗೆ ಒಂದು ಸಲ 25 ಡಾಲರ್. ಅದು ಹೋಗಲಿ, ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು 12 ಜನರಿಂದ ಸತತ 14 ದಿನ ಟೆಸ್ಟ್ ಮಾಡಿಸಬೇಕು. ಆಪಲ್‌ಗಾದರೆ ವರ್ಷಕ್ಕೆ 99 ಡಾಲರ್. ಮನೆ ಮಟ್ಟದ ಲೆಕ್ಕಕ್ಕೆ ಇಷ್ಟೆಲ್ಲ ಯಾಕೆ, ಅಲ್ವಾ?

ವೆಬ್ ಎಡವಿದ್ದು ಪ್ರಿಂಟರ್ ಹತ್ತಿರ. ಸುಲಿಯುವವರು ಕೈಗೆ ಚೀಟಿ ಕೇಳಿದರು, ಭಾವ ಪುಟ್ಟ ಥರ್ಮಲ್ ಪ್ರಿಂಟರ್ ತಂದರು. ಅದು ಹಳೇ ಬಗೆಯ ಬ್ಲೂಟೂತ್. ಬ್ರೌಸರಿನಿಂದ ಬ್ಲೂಟೂತ್ ಮುಟ್ಟಿಸುವ ವೆಬ್ ಬ್ಲೂಟೂತ್‌ಗೆ ಕಡಿಮೆ ವಿದ್ಯುತ್ತಿನ ಹೊಸ ಬಗೆ, ಬಿಎಲ್‌ಇ, ಮಾತ್ರ ಗೊತ್ತು. ಜೊತೆಗೆ ಇನ್ನೊಂದು ಭಯವಿತ್ತು. ಜಾಗ ಸಾಲದು ಅಂತ ಮನೆಯ ಹುಡುಗರು ಕ್ರೋಮ್ ಡೇಟಾ ಅಳಿಸಿದರೆ, ಸರ್ವರಿಗೆ ಹೋಗದ ಲೆಕ್ಕವೂ ಅದರ ಜೊತೆಗೇ ಮಾಯ.

ಹಾಗಂತ ಎಲ್ಲವನ್ನೂ ಆಂಡ್ರಾಯ್ಡ್ ಆಪ್ ಬರೆಯುವ ಕೋಟ್ಲಿನ್ ಭಾಷೆಯಲ್ಲಿ ಹೊಸದಾಗಿ ಬರೆಯಲಿಲ್ಲ. ವೆಬ್ ಆಪನ್ನು ಫೋನಿನ ಆಪ್ ಮಾಡುವ ಕ್ಯಾಪಾಸಿಟರ್ ಎಂಬ ಸಲಕರಣೆಯೊಳಗೆ ಅದನ್ನೇ ಕೂರಿಸಿ, ಪ್ರಿಂಟರಿಗಷ್ಟೇ ಕೋಟ್ಲಿನ್‌ನಲ್ಲಿ ಒಂದು ಪ್ಲಗಿನ್ (ಜೋಡಿಸುವ ತುಣುಕು) ಬರೆದೆ. ಡೇಟಾ ಈಗ ಆಪ್‌ನದೇ ಜಾಗದಲ್ಲಿದೆ, ಕ್ರೋಮ್ ಅಳಿಸಿದರೂ ಚಿಂತೆಯಿಲ್ಲ. ಎಪಿಕೆ ಹಾಕಿದ್ದು ಚೀಟಿ ಕೊಡುವ ಭಾವನ ಫೋನಿಗೆ ಮಾತ್ರ.

ಮಜಾ ಇರುವುದು ಚೀಟಿಯಲ್ಲಿ. ಪ್ರಿಂಟರಿಗೆ ಕನ್ನಡ ಫಾಂಟ್ ಇಲ್ಲ. "ಲಕ್ಷ್ಮಮ್ಮ" ಅಂತ ಕಳಿಸಿದರೆ ಕಸದಂಥ ಗುರುತುಗಳು ಬಂದವು. ಅದಕ್ಕೆ ಇಡೀ ಚೀಟಿಯನ್ನು ವೆಬ್ ಪುಟದಲ್ಲಿ ಚಿತ್ರ ಬರೆಸುವ ಜಾಗವಾದ ಕ್ಯಾನ್ವಾಸಿನಲ್ಲಿ 384 ಚುಕ್ಕೆ ಅಗಲಕ್ಕೆ ಬರೆಸಿ, ಚಿತ್ರ ಮಾಡಿ ಕಳಿಸಿದೆ. 58 ಮಿಮೀ ಕಾಗದದ ಪ್ರಿಂಟರಿಗೆ ಅಷ್ಟೇ ಅಗಲ. ಒತ್ತಕ್ಷರ ಕೂರಿಸುವುದು ಬ್ರೌಸರಿಗೆ ಮೊದಲೇ ಬರುತ್ತದೆ, ಕೋಟ್ಲಿನ್ ಕೆಲಸ ಚುಕ್ಕೆ ಸಾಗಿಸುವುದಷ್ಟೇ.

ಅಕ್ಕನದು ಐಫೋನ್. ಅವಳು ಸಫಾರಿಯಲ್ಲೇ ಲೆಕ್ಕ ನೋಡುತ್ತಾಳೆ, ಚೀಟಿ ಬೇಕಾದರೆ ಭಾವನ ಫೋನು ಹುಡುಕುತ್ತಾಳೆ.