ಕಾಲಿನ ಅಪಧಮನಿಗೆ ಸ್ಟೆಂಟ್ ಹಾಕುವಾಗ ಐವಸ್ ಬಳಸುವ ಕ್ರಮ

ಹುಬ್ಬಳ್ಳಿ-ಧಾರವಾಡದ ಕ್ಯಾಥ್ ಲ್ಯಾಬ್‌ಗಳಲ್ಲಿ ಕಾಲಿನ ರಕ್ತನಾಳಗಳ ಚಿಕಿತ್ಸೆಯನ್ನು ಹೊಸದಾಗಿ ಕಲಿಯುತ್ತಿರುವ ಕಿರಿಯ ವೈದ್ಯರು ಮತ್ತು ತಂತ್ರಜ್ಞರಿಗಾಗಿ ಇದನ್ನು ಬರೆಯುತ್ತಿದ್ದೇನೆ. "ನಾಲ್ಕ ಹೆಜ್ಜಿ ನಡದ್ರ ಮೀನಖಂಡ ಹಿಡಕೊಂತೈತ್ರಿ" ಎನ್ನುತ್ತ ಹಾವೇರಿ, ಗದಗ, ನವಲಗುಂದದ ಕಡೆಯಿಂದ ಬರುವ ಹಿರಿಯರಲ್ಲಿ ಅನೇಕರಿಗೆ ಹಳೆಯ ಸಕ್ಕರೆ ಕಾಯಿಲೆಯೋ ಬೀಡಿಯ ಚಟವೋ ಇರುತ್ತದೆ. ಕೆಲವರಂತೂ ಕಾಲ್ಬೆರಳು ಕಪ್ಪಾದ ಮೇಲೆಯೇ ಆಸ್ಪತ್ರೆ ಮೆಟ್ಟಿಲು ಹತ್ತುತ್ತಾರೆ. ಸ್ಟೆಂಟ್ ಎಂದರೆ ನಾಳವನ್ನು ತೆರೆದಿಡುವ ಲೋಹದ ಜಾಲರಿ ಕೊಳವೆ. ಒಮ್ಮೆ ಕೂತ ಅದನ್ನು ಹಿಂದಕ್ಕೆ ತೆಗೆಯಲು ಬರುವುದಿಲ್ಲವಾದ್ದರಿಂದ, ಇಂಥವರ ಕಾಲಿನಲ್ಲಿ ನಾಳವನ್ನು ಐವಸ್ (IVUS) ಎಂಬ ನಾಳದೊಳಗಿನ ಅಲ್ಟ್ರಾಸೌಂಡ್ ಬಳಸಿ ಒಳಗಿನಿಂದ ಅಳೆಯದೆ ಸ್ಟೆಂಟ್ ಆರಿಸಬಾರದು ಎಂದು ನಾನು ದೃಢವಾಗಿ ನಂಬುತ್ತೇನೆ.

ನಾಳಕ್ಕೆ ಡೈ ಬಿಟ್ಟು ತೆಗೆಯುವ ಎಕ್ಸ್‌ರೇ ಚಿತ್ರವಾದ ಆಂಜಿಯೋಗ್ರಾಮ್ ತೋರಿಸುವುದು ಆ ಡೈ ಹರಿದ ದಾರಿಯ ನೆರಳನ್ನು ಮಾತ್ರ. ನಾಳದ ಗೋಡೆ ಎಷ್ಟು ದಪ್ಪವಾಗಿದೆ, ಕೊಬ್ಬು ಯಾವ ಬದಿಗೆ ಕೂತಿದೆ, ಸುಣ್ಣ (ಕ್ಯಾಲ್ಸಿಯಂ) ಎಷ್ಟು ಸುತ್ತು ಗಟ್ಟಿಯಾಗಿದೆ ಎಂಬುದು ಅದರಲ್ಲಿ ಸ್ಪಷ್ಟವಾಗುವುದಿಲ್ಲ, ಮತ್ತು ಕಣ್ಣಳತೆಯಲ್ಲಿ ನಾಳವು ಸಾಮಾನ್ಯವಾಗಿ ನಿಜಕ್ಕಿಂತ ಸಣ್ಣದಾಗಿ ಕಾಣುತ್ತದೆ. ಐವಸ್ ಕ್ಯಾಥೆಟರಿನ ತುದಿಯಲ್ಲಿರುವ ಅಲ್ಟ್ರಾಸೌಂಡ್ ಭಾಗವು ಒಳಗಿನಿಂದಲೇ ಸುತ್ತಲಿನ ಗೋಡೆಯನ್ನು ತೋರಿಸುತ್ತದೆ. ಇದಕ್ಕೆ ಡೈ ಬೇಕಾಗಿಲ್ಲ. ಕ್ರಿಯಾಟಿನಿನ್ ಏರಿ ಮೂತ್ರಪಿಂಡ ಸೋತಿರುವ, ಡೈ ತಾಳದ ಸಕ್ಕರೆ ರೋಗಿಗೆ ಇದು ದೊಡ್ಡ ಉಪಕಾರ. ಕೊರಿಯಾದಲ್ಲಿ 237 ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನವು ತೊಡೆಯ ನಾಳಕ್ಕೆ ಅದನ್ನು ಹಿಗ್ಗಿಸುವ ಔಷಧ ಲೇಪಿತ ಬಲೂನ್ ಬಳಸಿದವರನ್ನು ಹೋಲಿಸಿತ್ತು. ಐವಸ್ ನೋಡಿ ಚಿಕಿತ್ಸೆ ಮಾಡಿದವರಲ್ಲಿ ಒಂದು ವರ್ಷದ ಬಳಿಕ ಶೇ. 83.8ರಷ್ಟು ನಾಳಗಳು ತೆರೆದೇ ಇದ್ದವು. ಆಂಜಿಯೋಗ್ರಾಮ್ ಮಾತ್ರ ನೋಡಿದವರಲ್ಲಿ ಆ ಪ್ರಮಾಣ ಶೇ. 70.1.

ರೋಗಿ ಮೇಜಿನ ಮೇಲೆ ಬರುವ ಮೊದಲೇ ಕ್ಯಾಥೆಟರಿನ ಅಳತೆಗಳನ್ನು ನೋಡಿಕೊಳ್ಳಬೇಕು. ಅದು ನಾಳದೊಳಗೆ ದಾರಿ ತೋರುವ 0.014 ಇಂಚಿನ ವೈರಿಗೆ ಹೊಂದುತ್ತದೆಯೋ 0.018 ಇಂಚಿನದಕ್ಕೋ, ಹಾಕಲಿರುವ ಪ್ರವೇಶ ಕೊಳವೆಯಾದ ಶೀತ್‌ನಲ್ಲಿ ಸಾಗುತ್ತದೆಯೋ, ಎದುರಿನ ತೊಡೆಸಂದಿನಿಂದ ಹೋದರೆ ಮೊಣಕಾಲಿನ ಕೆಳಗಿನವರೆಗೆ ಉದ್ದ ಸಾಲುತ್ತದೆಯೋ ಎಂದು ಖಚಿತಪಡಿಸಿಕೊಳ್ಳಿ. ತಿರುಗುವ ಬಗೆಯ ಕ್ಯಾಥೆಟರ್ ಆದರೆ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ) ಬೆರೆಸಿದ ಸಲೈನ್‌ನಿಂದ ಚೆನ್ನಾಗಿ ತೊಳೆದು ಗಾಳಿಗುಳ್ಳೆಗಳನ್ನು ಹೊರಹಾಕಬೇಕು. ಒಂದು ಗುಳ್ಳೆ ಉಳಿದರೂ ಚಿತ್ರ ಕೆಡುತ್ತದೆ. ಐವಸ್ ಕ್ಯಾಥೆಟರಿನ ಖರ್ಚು ಸರ್ಕಾರದ ಯೋಜನೆಯಲ್ಲಿ ಸೇರುತ್ತದೆಯೇ ಎಂಬುದನ್ನು ಮೊದಲೇ ವಿಚಾರಿಸಿ ಮನೆಯವರಿಗೆ ತಿಳಿಸುವುದೂ ಈ ಸಿದ್ಧತೆಯ ಭಾಗವೇ.

ಕಾಲಿನ ಕೆಳಗೆ ಎಕ್ಸ್‌ರೇಯಲ್ಲಿ ಕಾಣುವ ಅಳತೆಪಟ್ಟಿಯನ್ನು ಅಂಟಿಸಿ, ಹೆಪಾರಿನ್ ಕೊಟ್ಟು, ವೈರ್ ತಡೆಯನ್ನು ದಾಟಿದ ಮೇಲೆ ಕ್ಯಾಥೆಟರನ್ನು ಕಾಯಿಲೆಯ ಆಚೆಗಿನ ಆರೋಗ್ಯಕರ ಭಾಗದವರೆಗೆ ಒಯ್ದು, ಅಲ್ಲಿಂದ ನಿಧಾನವಾಗಿ, ಒಂದೇ ವೇಗದಲ್ಲಿ ಹಿಂದಕ್ಕೆ ಎಳೆಯಬೇಕು. ನಾಳ ಪೂರ್ತಿ ಮುಚ್ಚಿದ್ದರೆ ಮೊದಲು ನೋಡಬೇಕಾದದ್ದು ವೈರ್ ರಕ್ತ ಹರಿಯುವ ನಿಜವಾದ ಪೊಳ್ಳಿನಲ್ಲಿದೆಯೋ ಗೋಡೆಯ ಪದರಗಳ ನಡುವೆ ನುಸುಳಿದೆಯೋ ಎಂಬುದು. ಬಳಿಕ ಮೇಲೆ ಮತ್ತು ಕೆಳಗೆ ಕಾಯಿಲೆ ಕಡಿಮೆ ಇರುವ ಒಂದೊಂದು ಜಾಗವನ್ನು ಗುರುತಿಸಿ, ಅಲ್ಲಿ ಪೊಳ್ಳಿನ ವ್ಯಾಸವನ್ನೂ ಮಧ್ಯದ ಕಪ್ಪು ಪದರದ ಹೊರ ಅಂಚಿನವರೆಗಿನ ನಾಳದ ವ್ಯಾಸವನ್ನೂ ಅಳೆಯಿರಿ. ಕ್ಯಾಥೆಟರ್ ಓರೆಯಾಗಿ ಕೂತಾಗ ಚಿತ್ರ ಮೊಟ್ಟೆಯಾಕಾರಕ್ಕೆ ತಿರುಗಿ ಅಳತೆ ಹಿಗ್ಗುತ್ತದೆ. ಆದ್ದರಿಂದ ಅತಿ ಕಿರಿದು, ಅತಿ ಹಿರಿದು ಎರಡನ್ನೂ ದಾಖಲಿಸಬೇಕು. ತೊಡೆಯ ಆಳದ ಅಪಧಮನಿ ಕವಲೊಡೆಯುವ ಜಾಗ ಎಲ್ಲಿದೆ ಎಂಬುದನ್ನು ಪಟ್ಟಿಯ ಅಂಕಿಯೊಂದಿಗೆ ಬರೆದಿಟ್ಟುಕೊಂಡರೆ ಮುಂದೆ ಸ್ಟೆಂಟ್ ಆ ಬಾಯಿಯನ್ನು ಮುಚ್ಚುವುದಿಲ್ಲ.

ಸುಣ್ಣದ ವಿಷಯದಲ್ಲಿ ಅವಸರ ಸಲ್ಲದು. ಅದು ಹೊಳೆಯುವ ಬಿಳಿ ಕಮಾನಾಗಿ, ಹಿಂದೆ ಕಪ್ಪು ನೆರಳು ಬಿಟ್ಟು ಕಾಣುತ್ತದೆ. ಆ ಕಮಾನು ಸುತ್ತಳತೆಯ ಮುಕ್ಕಾಲು ಭಾಗವನ್ನು, ಅಂದರೆ 270 ಡಿಗ್ರಿಯನ್ನು ದಾಟಿದ್ದರೆ ಮಾಮೂಲಿ ಬಲೂನ್ ಸಾಕಾಗದಿರಬಹುದು. ತಾನೇ ಅರಳುವ ನೈಟಿನಾಲ್ (ನಿಕ್ಕಲ್-ಟೈಟಾನಿಯಂ ಮಿಶ್ರಲೋಹ) ಸ್ಟೆಂಟಿಗೆ ಆ ಗಟ್ಟಿ ಬಳೆಯನ್ನು ಹಿಗ್ಗಿಸುವ ಬಲವಿಲ್ಲ. ಅಲೆಗಳಿಂದ ಸುಣ್ಣ ಬಿರುಕುಗೊಳಿಸುವ ಬಲೂನನ್ನೋ ಅದನ್ನು ಕೆರೆದು ತೆಗೆಯುವ ಸಾಧನವನ್ನೋ ಬಳಸಿ, ದಾರಿ ಬಿಟ್ಟಿದೆ ಎಂದು ಕಣ್ಣಾರೆ ಕಂಡ ನಂತರವೇ ಸ್ಟೆಂಟಿನ ಮಾತು.

ಬಲೂನ್ ಹಿಗ್ಗಿಸಿದ ಮೇಲೆ ಎರಡನೆಯ ಬಾರಿ ಎಳೆದು ನೋಡಬೇಕು; ಸಮಯ ಉಳಿಸುವ ನೆಪದಲ್ಲಿ ಇದನ್ನೇ ಹೆಚ್ಚಾಗಿ ಕೈಬಿಡುತ್ತಾರೆ. ಗೋಡೆ ಸ್ವಲ್ಪ ಸೀಳುವುದು ಸಹಜ. ಸೀಳು ಆಳವಾಗಿ, ಅರ್ಧ ಸುತ್ತಿಗಿಂತ ಹೆಚ್ಚು ಹರಡಿ ರಕ್ತದ ದಾರಿಯನ್ನು ಒತ್ತುತ್ತಿದ್ದರೆ ಅಷ್ಟು ಉದ್ದಕ್ಕೆ ಸ್ಟೆಂಟ್ ಬೇಕು. ಹರಿವು ಚೆನ್ನಾಗಿರುವ ಸಣ್ಣ ಸೀಳಿಗೆ ಬೇಡ. ಮೊಣಕಾಲಿನ ಹಿಂಭಾಗದಲ್ಲಿ ಸ್ಟೆಂಟನ್ನು ಆದಷ್ಟು ತಪ್ಪಿಸಬೇಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಣ್ಣುವ, ಹೊಲದಲ್ಲಿ ಕುಕ್ಕರುಗಾಲಲ್ಲಿ ಕಳೆ ಕೀಳುವ ನಮ್ಮ ಜನರ ಮೊಣಕಾಲು ದಿನವಿಡೀ ಪೂರ್ತಿ ಮಡಚುತ್ತದೆ, ಮತ್ತು ಆ ಮಡಿಕೆಯಲ್ಲಿ ಲೋಹ ಮುರಿಯುವ ಸಾಧ್ಯತೆ ಇರುತ್ತದೆ.

ನೈಟಿನಾಲ್ ಸ್ಟೆಂಟನ್ನು ಆರೋಗ್ಯಕರ ಭಾಗದ ಪೊಳ್ಳಿನ ವ್ಯಾಸಕ್ಕಿಂತ ಸುಮಾರು 1 ಮಿಲಿಮೀಟರ್ ದೊಡ್ಡದಾಗಿ, ತಯಾರಕರ ಸೂಚನೆಯನ್ನೂ ನೋಡಿ ಆರಿಸುವುದು ವಾಡಿಕೆ. ಹಾಕಿದ ಬಳಿಕ ಬಲೂನಿನಿಂದ ಅರಳಿಸಿ ಮೂರನೆಯ ಬಾರಿ ಎಳೆಯಿರಿ. ಸ್ಟೆಂಟಿನ ಅತಿ ಕಿರಿದಾದ ಜಾಗ, ಗೋಡೆಗೆ ತಾಗದೆ ಉಳಿದ ಅಂತರ, ಎರಡೂ ತುದಿಗಳಲ್ಲಿ ಹೊಸ ಸೀಳು, ಈ ಮೂರನ್ನು ಹುಡುಕಿ. ಕೊನೆಗೆ ಎಲ್ಲ ಅಳತೆಗಳನ್ನೂ ಸ್ಟೆಂಟಿನ ಗಾತ್ರ ಮತ್ತು ಜಾಗದೊಂದಿಗೆ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಯಿರಿ. ರಾಣೆಬೆನ್ನೂರಿನಲ್ಲೋ ರೋಣದಲ್ಲೋ ಆ ರೋಗಿಯನ್ನು ಮುಂದೆ ನೋಡುವ ವೈದ್ಯರಿಗೆ ಆ ಚೀಟಿಯೇ ಆಧಾರವಾಗುತ್ತದೆ.